ಅಕೌಂಟ್ಸ್ ಕೆಲಸದ ಇಂಟರ್‌ವ್ಯೂ: ಬಿಕಾಂ ಗೆಳೆಯರಿಗೆ ನನ್ನ ಟಿಪ್ಪಣಿ

ಬಿಕಾಂ ಮುಗಿಸಿದ ವರ್ಷ ನಾನು ಬೆಂಗಳೂರಿನಲ್ಲಿ ಹನ್ನೊಂದು ಇಂಟರ್‌ವ್ಯೂಗೆ ಹೋದೆ. ಮೊದಲ ಆರರಲ್ಲಿ ಎರಡನೇ ಪ್ರಶ್ನೆಗೇ ಬೆವರಿಳಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಪ್ರತಿ ಸಲವೂ ಕೇಳಿದ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆರನೆಯದಾದ ಮೇಲೆ ಆ ಪಟ್ಟಿ ನೋಡಿದಾಗ ನಗು ಬಂತು. ಮುಕ್ಕಾಲು ಪಾಲು ಪ್ರಶ್ನೆಗಳು ನನ್ನ ರೆಸ್ಯೂಮೆಯಿಂದಲೇ ಎದ್ದು ಬಂದಿದ್ದವು. ಪ್ರಶ್ನೆಪತ್ರಿಕೆ ಬರೆದುಕೊಟ್ಟವನು ನಾನೇ, ಓದದೆ ಹೋದವನೂ ನಾನೇ!

ಹಾಗಾಗಿ ಈ ಟಿಪ್ಪಣಿ ರೆಸ್ಯೂಮೆಯಿಂದಲೇ ಶುರು.

ಬರೆದದ್ದಕ್ಕೆ ಉತ್ತರ ಇರಬೇಕು

ನನ್ನ ಹಾಳೆಯಲ್ಲಿ ‘ಟ್ಯಾಲಿ, ಜಿಎಸ್‌ಟಿ, ಅಡ್ವಾನ್ಸ್‌ಡ್ ಎಕ್ಸೆಲ್’ ಅಂತ ಇತ್ತು (ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್). ಕಂಪ್ಯೂಟರ್ ಸೆಂಟರಿನಲ್ಲಿ ಮೂರು ತಿಂಗಳು ಕಲಿತಿದ್ದೆ, ಸರ್ಟಿಫಿಕೇಟೂ ಇತ್ತು. ಒಬ್ಬ ಮೇಡಂ ಕೇಳಿದರು: "ವಿಲುಕಪ್‌ನಲ್ಲಿ ಕೊನೆಗೆ ಸೊನ್ನೆ ಹಾಕ್ತೀರಲ್ಲ, ಯಾಕೆ?" ವಿಲುಕಪ್ ಅಂದರೆ ಪಟ್ಟಿಯಲ್ಲಿ ಒಂದು ಹೆಸರು ಹುಡುಕಿ ಅದರ ಮುಂದಿನ ಮೊತ್ತ ತರುವ ಎಕ್ಸೆಲ್ ಸೂತ್ರ. ಸೊನ್ನೆ ಹಾಕುವುದು ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಆ ಸೊನ್ನೆ ಇದ್ದರೆ ಎಕ್ಸೆಲ್ ಸರಿಯಾಗಿ ಹೊಂದುವ ಹೆಸರನ್ನೇ ಹುಡುಕುತ್ತದೆ. ಅಲ್ಲಿ ಏನೂ ಹಾಕದಿದ್ದರೆ ಹತ್ತಿರದ್ದನ್ನು ಹಿಡಿದು ತಂದುಬಿಡುತ್ತದೆ. ಪಾರ್ಟಿ ಬ್ಯಾಲೆನ್ಸ್ ತೆಗೆಯುವಾಗ ಹತ್ತಿರದ್ದು ಬಂದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ. ‘ಅಡ್ವಾನ್ಸ್‌ಡ್’ ಅನ್ನುವ ಪದವನ್ನು ಅವತ್ತು ರಾತ್ರಿಯೇ ಅಳಿಸಿದೆ.

ನಾನು ಆಮೇಲೆ ಇಟ್ಟುಕೊಂಡ ಲೆಕ್ಕ ಇಷ್ಟೇ: ಯಾವ ಸಾಲಿನ ಬಗ್ಗೆ ಎರಡು ನಿಮಿಷ ಮಾತಾಡಲು ಆಗುವುದಿಲ್ಲವೋ ಆ ಸಾಲು ಹಾಳೆಯಲ್ಲಿ ಬೇಡ. ಆಗ ಹಾಳೆ ಖಾಲಿ ಹೊಡೆಯುತ್ತದೆ, ನಿಜ. ತುಂಬಿಸಲು ಒಂದು ದಾರಿ ಇದೆ. ನಮ್ಮ ಮಾವನದು ಗೊಬ್ಬರದ ಅಂಗಡಿ. ಅವರ ಆರು ತಿಂಗಳ ಬಿಲ್ಲುಗಳನ್ನು ತಂದು ಮನೆಯಲ್ಲೇ ಟ್ಯಾಲಿಯಲ್ಲಿ ಎಂಟ್ರಿ ಮಾಡಿದೆ. ಟ್ಯಾಲಿಪ್ರೈಮ್‌ನ ಎಜುಕೇಶನಲ್ ಮೋಡ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ಒಂದೊಂದು ವ್ಯವಹಾರದ ಎಂಟ್ರಿ) ಹಾಕಬಹುದು. ಒಬ್ಬ ಸರ್ ಪ್ರಿಂಟ್ ನೋಡಿ, "ಎಲ್ಲಾ ವ್ಯಾಪಾರ ಒಂದನೇ, ಎರಡನೇ ತಾರೀಖೇ ಆಗಿದೆಯಲ್ಲಪ್ಪ" ಅಂತ ನಕ್ಕರು. "ಎಜುಕೇಶನಲ್ ಮೋಡ್ ಸರ್" ಅಂದೆ. ಅಲ್ಲಿಂದ ಅವರ ಧಾಟಿಯೇ ಬದಲಾಯಿತು. ಇವನು ನಿಜವಾಗಿ ಕೂತು ಮಾಡಿದ್ದಾನೆ ಅನ್ನುವುದು ಅವರಿಗೆ ಗೊತ್ತಾಯಿತು.

ನಿಮ್ಮ ಮನೆಯಲ್ಲಿ ಅಂಗಡಿ ಇಲ್ಲದಿದ್ದರೆ ಪರಿಚಯದ ಕಿರಾಣಿ, ಮೆಡಿಕಲ್, ಹಾರ್ಡ್‌ವೇರ್ ಯಾವುದಾದರೂ ಆದೀತು. ಕೇಳಿದರೆ ಹಳೆಯ ಬಿಲ್ ಪುಸ್ತಕ ಕೊಡುವವರು ಒಬ್ಬರಾದರೂ ಸಿಗುತ್ತಾರೆ.

ಟ್ಯಾಲಿ ಅಂದರೆ ಕೀ ಅಲ್ಲ

ಟ್ಯಾಲಿಯಲ್ಲಿ ಒಂದೊಂದು ಬಗೆಯ ವೋಚರಿಗೆ ಒಂದೊಂದು ಕೀ: ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಇದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕೇಳುವವರಿಗೂ ಅದು ಗೊತ್ತು. ಅದಕ್ಕೇ ಅವರು ಕಥೆ ಹೇಳಿ ಕೇಳುತ್ತಾರೆ.

"ಓನರ್ ಮಗಳ ಸ್ಕೂಲ್ ಫೀಸನ್ನು ಅಂಗಡಿ ಅಕೌಂಟಿನಿಂದ ಕಟ್ಟಿದ್ದಾರೆ. ಎಂಟ್ರಿ ಏನು?"

ನಾನು ಮೊದಲ ಸಲ ಥಟ್ಟನೆ ‘ಎಜುಕೇಶನ್ ಖರ್ಚು’ ಅಂದಿದ್ದೆ. ತಪ್ಪು. ಅಂಗಡಿ ಬೇರೆ, ಓನರ್ ಬೇರೆ. ಡ್ರಾಯಿಂಗ್ಸ್ (ಓನರ್ ಸ್ವಂತಕ್ಕೆ ತೆಗೆದ ದುಡ್ಡು) ಡೆಬಿಟ್, ಬ್ಯಾಂಕ್ ಕ್ರೆಡಿಟ್, ಪೇಮೆಂಟ್ ವೋಚರ್. ಇದಕ್ಕೆ ಇನ್ನೊಂದು ಕೊಂಡಿ ಇದೆ: ಸಂಸ್ಥೆ ಪ್ರೈವೇಟ್ ಲಿಮಿಟೆಡ್ ಆದರೆ ಡ್ರಾಯಿಂಗ್ಸ್ ಅನ್ನುವುದೇ ಇಲ್ಲ, ಆ ದುಡ್ಡು ಡೈರೆಕ್ಟರ್ ಹೆಸರಿನಲ್ಲಿ ಬಾಕಿ ನಿಲ್ಲುತ್ತದೆ. ಅವರು ಕೇಳುವ ಮೊದಲೇ "ಇದು ಪ್ರೊಪ್ರೈಟರ್ ಅಂಗಡಿನಾ, ಕಂಪನಿನಾ ಸರ್?" ಅಂತ ನೀವೇ ಕೇಳಿ ನೋಡಿ. ಆ ಒಂದು ಪ್ರಶ್ನೆಗೇ ಅರ್ಧ ಮಾರ್ಕ್ಸ್.

ಬಿಆರ್‌ಎಸ್: ಇದನ್ನು ಬಿಡಲೇಬೇಡಿ

ಬಿಆರ್‌ಎಸ್ ಅಂದರೆ ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್, ನಮ್ಮ ಪುಸ್ತಕವನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ತಾಳೆ ನೋಡುವುದು. ಕಾಲೇಜಿನಲ್ಲಿ ನಾವೆಲ್ಲ ಚಾಯ್ಸ್‌ನಲ್ಲಿ ಬಿಡುತ್ತಿದ್ದ ಅಧ್ಯಾಯ. ಹನ್ನೊಂದರಲ್ಲಿ ಏಳು ಕಡೆ ಇದನ್ನೇ ಕೇಳಿದರು. ಮೂರು ಕಡೆ ಪೇಪರ್, ಪೆನ್ನು ಕೊಟ್ಟು ಮಾಡಿಸಿದರು. ಬಂದದ್ದು ಹೆಚ್ಚುಕಡಿಮೆ ಈ ಥರ:

ನಮ್ಮ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 48,500 ರೂಪಾಯಿ ಇದೆ. 6,000ದ ಚೆಕ್ ಪಾರ್ಟಿಗೆ ಕೊಟ್ಟಿದ್ದೇವೆ, ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ನಾವು ಹಾಕಿದ 4,200ರ ಚೆಕ್ ಪಾಸಾಗಿಲ್ಲ. ಬ್ಯಾಂಕ್ 236 ಚಾರ್ಜ್ ಹಿಡಿದಿದೆ, ನಾವು ಬರೆದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಎಷ್ಟಿರುತ್ತದೆ?

ಕೂಡಬೇಕೋ ಕಳೆಯಬೇಕೋ ಅನ್ನುವ ಸೂತ್ರ ನೆನಪಿಟ್ಟುಕೊಳ್ಳಲು ಹೋಗಬೇಡಿ, ಗಾಬರಿಯಲ್ಲಿ ಉಲ್ಟಾ ಆಗುತ್ತದೆ. ಬ್ಯಾಂಕ್ ಕ್ಯಾಶಿಯರ್ ಜಾಗದಲ್ಲಿ ಕೂತು ಯೋಚಿಸಿ. 6,000 ಇನ್ನೂ ನನ್ನ ಹತ್ತಿರವೇ ಇದೆ, ಹೋಗಿಲ್ಲ, ಕೂಡು. 4,200 ನನಗೆ ಬಂದೇ ಇಲ್ಲ, ಕಳೆ. 236 ನಾನು ತಗೊಂಡಾಯ್ತು, ಕಳೆ. ಉತ್ತರ 50,064.

ಒಬ್ಬರು ಇಲ್ಲಿಗೆ ಬಿಡಲಿಲ್ಲ. "236 ಯಾಕೆ? 200 ಯಾಕಲ್ಲ?" ಅಂದರು. 200 ಚಾರ್ಜು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 36. ಬ್ಯಾಂಕಿಗೆ ನಮ್ಮ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಆ 36 ಇನ್‌ಪುಟ್ ಕ್ರೆಡಿಟ್ ಆಗಿ ಸಿಗಬಹುದು, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳಬಹುದು. ಇಂಥ ಪ್ರಶ್ನೆ ಯಾವ ಗೈಡಿನಲ್ಲೂ ನನಗೆ ಸಿಕ್ಕಿರಲಿಲ್ಲ. ಮಾವನ ಪಾಸ್‌ಬುಕ್ಕಿನಲ್ಲಿ ಸಿಕ್ಕಿತ್ತು.

ಜಿಎಸ್‌ಟಿ: ತಾರೀಖು ಮತ್ತು ರಾಜ್ಯ

ಹೊಸಬರಿಗೆ ಆಳವಾದ ಕಾನೂನು ಕೇಳುವುದಿಲ್ಲ. ತುಮಕೂರಿನಿಂದ 10,000ದ ಮಾಲು ಬೆಂಗಳೂರಿಗೆ ಬಂತು, 18 ಪರ್ಸೆಂಟ್: ಸಿಜಿಎಸ್‌ಟಿ (ಕೇಂದ್ರದ ಪಾಲು) 900, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 900. ಅದೇ ಮಾಲು ಹೊಸೂರಿನಿಂದ ಬಂದರೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ) 1,800. ಹೊಸೂರು ಬೆಂಗಳೂರಿಗೆ ತುಮಕೂರಿಗಿಂತ ಹತ್ತಿರ, ಆದರೆ ತಮಿಳುನಾಡು ಅಲ್ವಾ. ಬಿಲ್ಲಿನಲ್ಲಿ ಪಾರ್ಟಿಯ 15 ಅಂಕಿ-ಅಕ್ಷರಗಳ ನಂಬರ್ 29ರಿಂದ ಶುರುವಾದರೆ ಕರ್ನಾಟಕ, 33 ಆದರೆ ತಮಿಳುನಾಡು. ಬಿಲ್ ಕೈಗೆ ಕೊಟ್ಟ ಕೂಡಲೇ ಮೊದಲು ಅದನ್ನು ನೋಡಿ.

ಅಕೌಂಟ್ಸ್‌ನವರ ತಿಂಗಳು ತಾರೀಖಿನ ಮೇಲೆ ಓಡುತ್ತದೆ. ಸಾಮಾನ್ಯವಾಗಿ ಹಿಂದಿನ ತಿಂಗಳ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದ ಆದಾಯ ತೆರಿಗೆ) ಕಟ್ಟಲು 7. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ) 11ಕ್ಕೆ. 14ಕ್ಕೆ 2ಬಿ ಬರುತ್ತದೆ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ. ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) 15ಕ್ಕೆ. 20ಕ್ಕೆ 3ಬಿ, ತಿಂಗಳ ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ರಿಟರ್ನ್. ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಖಚಿತ: "ನಾವು ಕೊಂಡ ಬಿಲ್ 2ಬಿಯಲ್ಲಿ ಕಾಣ್ತಿಲ್ಲ. ಏನು ಮಾಡ್ತೀರಿ?" ಆ ತಿಂಗಳು ಅದರ ಕ್ರೆಡಿಟ್ ತಗೊಳ್ಳುವ ಹಾಗಿಲ್ಲ. ಪಾರ್ಟಿಗೆ ಫೋನ್ ಮಾಡಿ ರಿಟರ್ನ್‌ನಲ್ಲಿ ಬಿಲ್ ಹಾಕಿಸಬೇಕು. ಈ ಕೆಲಸದಲ್ಲಿ ಲೆಕ್ಕ ಬರೆಯುವುದಕ್ಕಿಂತ ಫೋನ್ ಮಾಡುವುದೇ ಜಾಸ್ತಿ ಅನ್ನಿಸುವ ದಿನಗಳಿವೆ.

ಒಂದು ಎಚ್ಚರಿಕೆ. ಸೀನಿಯರ್‌ಗಳ ಹಳೆಯ ನೋಟ್ಸ್ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿವೆ. 12 ಮತ್ತು 28ರಲ್ಲಿದ್ದ ಹೆಚ್ಚಿನ ಸರಕುಗಳು 5 ಅಥವಾ 18ಕ್ಕೆ ಬಂದಿವೆ. 194ಸಿ, 194ಜೆ ಅಂತ ನಾವು ಉರು ಹೊಡೆದ ಟಿಡಿಎಸ್ ಸೆಕ್ಷನ್‌ಗಳು 1961ರ ಕಾಯ್ದೆಯವು. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸಂಖ್ಯೆಗಳೇ ಬೇರೆ.

"ನಿಮ್ಮ ಬಗ್ಗೆ ಹೇಳಿ"

ಇದಕ್ಕೆ ಊರು, ಅಪ್ಪ ಅಮ್ಮ, ಹವ್ಯಾಸ ಅಂತ ಶುರು ಮಾಡಬೇಡಿ. ಏನು ಓದಿದ್ದೀರಿ, ಕೈಯಾರೆ ಏನು ಮಾಡಿದ್ದೀರಿ, ಯಾವ ಕೆಲಸ ಬೇಕು. ಒಂದು ನಿಮಿಷ ಸಾಕು. ಮಾವನ ಅಂಗಡಿಯ ಕೆಲಸವನ್ನು ಇಲ್ಲೇ ಹೇಳಿಬಿಟ್ಟರೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ, ಅಂದರೆ ನಿಮಗೆ ಗೊತ್ತಿರುವ ಜಾಗಕ್ಕೆ.

ಇಂಗ್ಲಿಷ್ ಬಗ್ಗೆ ಎಲ್ಲರೂ ಕೇಳುತ್ತೀರಿ. ನನ್ನದು ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಮೊದಲ ನಾಲ್ಕೈದು ವಾಕ್ಯ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿದ್ದೆ. ಲೆಕ್ಕದ ಪ್ರಶ್ನೆ ಬಂದಾಗ "ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳುತ್ತಿದ್ದೆ. ಒಬ್ಬರು ಬಿಟ್ಟು ಯಾರೂ ಬೇಡ ಅನ್ನಲಿಲ್ಲ. ತಪ್ಪು ಇಂಗ್ಲಿಷಿಗಿಂತ ತಪ್ಪು ಎಂಟ್ರಿ ಅವರಿಗೆ ದುಬಾರಿ. ಆದರೆ ಹೊರದೇಶದ ಕಂಪನಿಗಳ ಲೆಕ್ಕ ನೋಡುವ ದೊಡ್ಡ ಆಫೀಸುಗಳಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಇಮೇಲ್ ಬರೆಸಿಯೇ ನೋಡುತ್ತಾರೆ.

ಎಲ್ಲಿ ಹುಡುಕುವುದು

ನಾವೆಲ್ಲ ಮೊಬೈಲಿನಲ್ಲಿ ಅಪ್ಲೈ ಒತ್ತುತ್ತಾ ಕೂರುತ್ತೇವೆ. ಒತ್ತಿ, ಬೇಡ ಅನ್ನುವುದಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ನೋಂದಣಿಗೆ ದುಡ್ಡಿಲ್ಲ. ಆದರೆ ನನಗೆ ಕರೆ ಬಂದದ್ದು ಜಾಸ್ತಿ ನಡೆದುಕೊಂಡು ಹೋದಲ್ಲಿಂದ. ಸಿಎ ಆಫೀಸುಗಳು, ಟ್ಯಾಕ್ಸ್ ಕನ್ಸಲ್ಟೆಂಟ್‌ಗಳು, ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿಗಳು, ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳು, ಪೀಣ್ಯದ ಸಣ್ಣ ಫ್ಯಾಕ್ಟರಿಗಳು. ಇವರಲ್ಲಿ ಎಷ್ಟೋ ಜನ ಜಾಹೀರಾತು ಕೊಡುವುದೇ ಇಲ್ಲ, ಗುರುತಿನವರ ಬಾಯಿಂದ ಜನ ಸಿಗುತ್ತಾರೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. 20ನೇ ತಾರೀಖಿನ ಹಿಂದೆ ಮುಂದೆ ಮಾತ್ರ ಬೇಡ, ಯಾಕೆ ಅಂತ ಮೇಲೆಯೇ ಬರೆದಿದ್ದೇನೆ.

ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ನಾನು ಒಂದು ಕನ್ಸಲ್ಟೆನ್ಸಿಗೆ ‘ರಿಜಿಸ್ಟ್ರೇಶನ್’ ಅಂತ 1,500 ಕೊಟ್ಟು ಕಳೆದುಕೊಂಡೆ. ರಸೀದಿ ಕೇಳಿದಾಗ "ಮೇಲ್ ಮಾಡ್ತೀವಿ" ಅಂದಿದ್ದರು. ಅಕೌಂಟ್ಸ್ ಓದಿದವನಿಗೆ ಅಲ್ಲೇ ಹೊಳೆಯಬೇಕಿತ್ತು!

ಆಫರ್ ಲೆಟರ್ ಬಂದಾಗ

ಇಷ್ಟು ಹೊತ್ತು ಅವರು ನಿಮ್ಮ ಹಾಳೆ ಓದಿದರು. ಈಗ ಅವರ ಹಾಳೆಯನ್ನು ನೀವು ಓದಿ. ನನಗೆ ಹೇಳಿದ್ದು ವರ್ಷಕ್ಕೆ 2,40,000 ಸಿಟಿಸಿ, ಅಂದರೆ ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ತಿಂಗಳಿಗೆ 20,000 ಅಂತ ಮನೆಯಲ್ಲಿ ಹೇಳಿಯೂ ಆಗಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ.

ಬೇಸಿಕ್ 12,000. ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, 1,440. ಗ್ರಾಚ್ಯುಟಿ ಅಂತ ಬೇಸಿಕ್‌ನ 4.81 ಪರ್ಸೆಂಟ್ ತೆಗೆದಿಟ್ಟಿದ್ದರು, 577. ಸಂಬಳ 21,000ದ ಒಳಗಿರುವುದರಿಂದ ಇಎಸ್‌ಐ ಇದೆ, ಕಂಪನಿಯ ಪಾಲು 3.25 ಪರ್ಸೆಂಟ್, 566. ಈ ಮೂರೂ ಆ 20,000ದ ಒಳಗೇ ಸೇರಿದ್ದವು. ಉಳಿದದ್ದು 17,417. ಅದರಲ್ಲಿ ನನ್ನ ಪಾಲಿನ ಪಿಎಫ್ 1,440, ಇಎಸ್‌ಐ 0.75 ಪರ್ಸೆಂಟ್, 131. ಕೈಗೆ ಬರುವುದು 15,846. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000ದಿಂದ ಶುರು, ಹಾಗಾಗಿ ಅದೊಂದು ಇಲ್ಲ.

ಇದು ಮೋಸ ಅಲ್ಲ. ಪಿಎಫ್ ನಮ್ಮದೇ ದುಡ್ಡು. ಆದರೆ ಪಿಜಿ ಬಾಡಿಗೆ ಕಟ್ಟಬೇಕಾದದ್ದು 15,846ರಲ್ಲಿ. ಅದಕ್ಕೇ "ಕೈಗೆ ಎಷ್ಟು ಬರುತ್ತೆ ಮೇಡಂ?" ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ಲೆಕ್ಕದ ಕೆಲಸಕ್ಕೇ ತಾನೆ ಬಂದಿರೋದು.

ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ ಅಂತ ಒಂದು ಕಡೆ ಹೇಳಿದರು. ಎರಡು ವರ್ಷದವರೆಗೆ ಕೆಲಸ ಬಿಟ್ಟು ಹೋಗುವ ಹಾಗಿಲ್ಲವಂತೆ. ತೋರಿಸುತ್ತೇನೆ, ಜೆರಾಕ್ಸ್ ಕೊಡುತ್ತೇನೆ ಅಂದೆ. ಆ ಕೆಲಸ ಹೋಯಿತು. ಮೂರು ವಾರ ಮತ್ತೆ ಓಡಾಟ. ಈಗಿರುವ ಆಫೀಸಿನಲ್ಲಿ ಮೊದಲ ದಿನ ಒರಿಜಿನಲ್ ನೋಡಿ ಅಲ್ಲೇ ಕೈಗೆ ವಾಪಸ್ ಕೊಟ್ಟರು. ಜೊತೆಗೆ ನಾಲ್ಕು ತಿಂಗಳಿಂದ ತಾಳೆಯಾಗದ ಬ್ಯಾಂಕ್ ಸ್ಟೇಟ್‌ಮೆಂಟುಗಳ ಕಂತೆಯನ್ನೂ ಕೊಟ್ಟರು.