ಪದ ಪರಿಚಯ: ಎನ್‌ರೋಲ್‌ಮೆಂಟ್ ಕ್ಲಿಫ್

ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಸಿಬ್ಬಂದಿಗೆ ಆಗಾಗ ಪತ್ರ ಬರೆಯುತ್ತಾರೆ. ಮೊದಲು ದಾಖಲಾತಿ, ಆಮೇಲೆ ಹಣಕಾಸು, ಕೊನೆಗೆ ಕ್ಯಾಂಪಸ್ಸಿನ ಆದ್ಯತೆಗಳು. ಈಗೀಗ ಈ ಮೂರನ್ನೂ ಸೇರಿಸಿ ಹೊಲಿಯುವ ದಾರದಂತೆ ಒಂದು ಮಾತು ಬರುತ್ತದೆ: ಎನ್‌ರೋಲ್‌ಮೆಂಟ್ ಕ್ಲಿಫ್.

ಎನ್‌ರೋಲ್‌ಮೆಂಟ್ ಅಂದರೆ ದಾಖಲಾತಿ. ಕ್ಲಿಫ್ ಅಂದರೆ ಬೆಟ್ಟದ ಕಡಿದಾದ ಅಂಚು. ಕಾಲೇಜು ಸೇರುವ ವಯಸ್ಸಿನವರೇ ಕಡಿಮೆಯಾಗಿ ದಾಖಲಾತಿ ಬೀಳುವುದಕ್ಕೆ ಈ ಹೆಸರು. ಶುಲ್ಕ ಜಾಸ್ತಿ ಅಂತಲೋ, ಓದು ಬೇಡ ಅಂತಲೋ ಮಕ್ಕಳು ಬಾರದೆ ಇದ್ದರೆ ಅದು ಬೇರೆ ಕಥೆ. ಇಲ್ಲಿ ಬರಬೇಕಾದವರು ಹುಟ್ಟಿಯೇ ಇಲ್ಲ.

2007ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಅದೊಂದು ದಾಖಲೆ. ಮರುವರ್ಷ ಆರ್ಥಿಕ ಕುಸಿತ ಬಂತು. ಎಷ್ಟೋ ಜನರ ಕೆಲಸ ಹೋಯಿತು, ಮನೆ ಹೋಯಿತು. ಮಗು ಆಮೇಲೆ ನೋಡೋಣ ಅಂದುಕೊಂಡರು. ಆದರೆ ವ್ಯಾಪಾರ ಚೇತರಿಸಿಕೊಂಡ ಮೇಲೂ ತೊಟ್ಟಿಲುಗಳು ಮೊದಲಿನಷ್ಟು ತೂಗಲಿಲ್ಲ. 2020ರಲ್ಲಿ ಹುಟ್ಟಿದವರು ಸುಮಾರು 36 ಲಕ್ಷ. ಈಗ 2007ಕ್ಕೆ 18 ಕೂಡಿಸಿ. ಬಂತಲ್ಲ, 2025! ಹೈಸ್ಕೂಲು ಮುಗಿಸುವವರ ಸಂಖ್ಯೆ ಆ ವರ್ಷ 39 ಲಕ್ಷದ ಆಸುಪಾಸಿನಲ್ಲಿ ತುದಿ ಮುಟ್ಟಿ, 2041ರ ಹೊತ್ತಿಗೆ 34 ಲಕ್ಷಕ್ಕೆ ಇಳಿಯುತ್ತದೆ ಎಂದು ಪಶ್ಚಿಮ ರಾಜ್ಯಗಳ ಉನ್ನತ ಶಿಕ್ಷಣ ಆಯೋಗ ಲೆಕ್ಕ ಹಾಕಿದೆ.

ನನ್ನನ್ನು ಕೇಳಿದರೆ ‘ಕ್ಲಿಫ್’ ಅನ್ನುವುದು ಸ್ವಲ್ಪ ಅತಿಯಾಯಿತು. 16 ವರ್ಷದಲ್ಲಿ ನೂರಕ್ಕೆ 13 ಇಳಿದರೆ ಅದು ಪ್ರಪಾತವಲ್ಲ, ಇಳಿಜಾರು. ಅದೂ 18 ವರ್ಷ ಮುಂಚೆಯೇ ಗೊತ್ತಿದ್ದ ಇಳಿಜಾರು. ಎಲ್ಲ ಕಡೆ ಒಂದೇ ಸಮ ಇಳಿಯುವುದೂ ಇಲ್ಲ. ಈಶಾನ್ಯ, ಮಧ್ಯಪಶ್ಚಿಮ ಮತ್ತು ಪಶ್ಚಿಮದ ರಾಜ್ಯಗಳಿಗೆ ಪೆಟ್ಟು ಜಾಸ್ತಿ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಸಂಖ್ಯೆ ಏರುವ ಅಂದಾಜೂ ಇದೆ. ಹಾರ್ವರ್ಡ್‌ಗಂತೂ ಅರ್ಜಿಗಳ ಬರ ಬರುವುದಿಲ್ಲ. ನಿದ್ದೆ ಕೆಡುವುದು ಶುಲ್ಕದ ದುಡ್ಡಿನ ಮೇಲೇ ಉಸಿರಾಡುವ ಸಣ್ಣ ಖಾಸಗಿ ಕಾಲೇಜುಗಳಿಗೆ ಮತ್ತು ಸುತ್ತಮುತ್ತಲಿನ ಮಕ್ಕಳನ್ನೇ ನಂಬಿದ ಸರ್ಕಾರಿ ಕ್ಯಾಂಪಸ್ಸುಗಳಿಗೆ.

ಅಂಥ ಕಡೆ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಒಂದು ಕಾಲೇಜಿಗೆ ವರ್ಷಕ್ಕೆ 500 ಹೊಸಬರು ಬರುತ್ತಿದ್ದರು ಅಂದುಕೊಳ್ಳಿ. ಈ ಸಲ 450 ಬಂದರು. ಐವತ್ತು ತಾನೇ ಅನ್ನಿಸುತ್ತದೆ ಅಲ್ವಾ? ಆದರೆ ಪದವಿ ನಾಲ್ಕು ವರ್ಷದ್ದು. ಆ ಐವತ್ತು ಖಾಲಿ ಕುರ್ಚಿ ನಾಲ್ಕೂ ವರ್ಷ ತರಗತಿಯಿಂದ ತರಗತಿಗೆ ಸಾಗುತ್ತದೆ. ಮುಂದಿನ ಮೂರು ವರ್ಷವೂ 450 ಜನರೇ ಬಂದರೆ ಖಾಲಿ ಕುರ್ಚಿ 200. ಹಾಸ್ಟೆಲ್ಲಿನ ಕೋಣೆ ಖಾಲಿ ಇದ್ದರೂ ಚಳಿಗಾಲದಲ್ಲಿ ಹೀಟರ್ ಉರಿಯಲೇಬೇಕು. ಕಾಯಂ ಮೇಷ್ಟ್ರಿಗೆ ಸಂಬಳ ಕೊಡಲೇಬೇಕು. ಆದಾಯ ಇಳಿದಷ್ಟು ಬೇಗ ಖರ್ಚು ಇಳಿಯುವುದಿಲ್ಲ.

ಕುರ್ಚಿ ತುಂಬಿಸಲು ರಿಯಾಯಿತಿ ಕೊಡುತ್ತಾರೆ. ಶುಲ್ಕದಲ್ಲಿ ಹೀಗೆ ಬಿಟ್ಟುಕೊಡುವ ಪಾಲಿಗೆ ‘ಡಿಸ್ಕೌಂಟ್ ರೇಟ್’ ಎಂಬ ಹೆಸರೇ ಇದೆ. ಲಾಭಕ್ಕಲ್ಲದ ಖಾಸಗಿ ಕಾಲೇಜುಗಳು ಹೊಸಬರಿಗೆ ಘೋಷಿತ ಬೋಧನಾ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡುತ್ತಿವೆ. ಹಾಗಾಗಿ ದಾಖಲಾತಿ ಹೆಚ್ಚಿತು ಎಂಬ ಸಾಲು ಓದಿದ ತಕ್ಷಣ ಖುಷಿಪಡಬೇಡಿ, ರಿಯಾಯಿತಿ ಕಳೆದು ಕೈಗೆ ಬಂದದ್ದೆಷ್ಟು ಅಂತ ಹುಡುಕಿ.

ಇನ್ನೊಂದು ಕಿವಿಮಾತು. ‘ಹೆಡ್‌ಕೌಂಟ್’ ಅಂದರೆ ತಲೆ ಎಣಿಕೆ, ಒಂದೇ ಕೋರ್ಸ್ ತೆಗೆದುಕೊಂಡವರೂ ಒಂದು ತಲೆಯೇ. ‘ಎಫ್‌ಟಿಇ’ ಅಂದರೆ ಎಲ್ಲ ವಿದ್ಯಾರ್ಥಿಗಳು ಓದುವ ಕ್ರೆಡಿಟ್‌ಗಳನ್ನು ಕೂಡಿಸಿ, ಅದು ಎಷ್ಟು ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಮ ಎಂದು ನೋಡುವುದು. ಪದವಿ ಮಟ್ಟದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 30 ಕ್ರೆಡಿಟ್‌ಗೆ ಒಬ್ಬರು. ಹೈಸ್ಕೂಲಿನಲ್ಲಿ ಇರುವಾಗಲೇ ಒಂದೆರಡು ಕಾಲೇಜು ಕೋರ್ಸ್ ಮಾಡುವ ಮಕ್ಕಳೂ ತಲೆ ಎಣಿಕೆಗೆ ಸೇರುತ್ತಾರೆ. ಅವರಿಂದ ಬರುವ ಶುಲ್ಕ ಬಹಳ ಕಡೆ ತೀರಾ ಕಡಿಮೆ. ಪತ್ರದ ಮೊದಲ ಸಾಲಿನಲ್ಲಿ ಹೆಡ್‌ಕೌಂಟ್ ಏರಿ, ಮೂರನೇ ಪುಟದಲ್ಲಿ ಬಜೆಟ್ ಕೊರತೆ ಕಾಣುವುದು ಹೀಗೆಯೇ.