ಇಂಧನವಿದ್ದೂ ಉಪವಾಸ ಬೀಳುವ ಎಂಜಿನ್

ಸಣ್ಣ ವಿಮಾನವೊಂದು ಬಿದ್ದ ಸುದ್ದಿ ಬಂದಾಗ ಎಂಜಿನ್ ಕೈಕೊಟ್ಟಿತಂತೆ ಎಂಬ ಮಾತು ಮೊದಲು ಹೊರಡುತ್ತದೆ. ಹಾರಾಟ ಕಲಿಸುವ ನನಗೆ ಈ ಮಾತು ಕೇಳಿದಾಗಲೆಲ್ಲ ಕಸಿವಿಸಿ. ಎಷ್ಟೋ ತನಿಖೆಗಳಲ್ಲಿ ಎಂಜಿನ್ ಬಿಚ್ಚಿ ನೋಡಿದರೆ ದೋಷವೇ ಸಿಗುವುದಿಲ್ಲ. ಅದಕ್ಕೆ ಇಂಧನ ತಲುಪಿರಲಿಲ್ಲ, ಅಷ್ಟೇ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಲೆಕ್ಕದಂತೆ 2011ರಿಂದ 2015ರವರೆಗೆ ಆ ದೇಶದಲ್ಲಿ ಇಂಧನ ನಿರ್ವಹಣೆಯ ಲೋಪದಿಂದಲೇ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾಗಿವೆ. ವಿದ್ಯಾರ್ಥಿ ಪೈಲಟ್‌ಗಳ ಪಾಲು ಅದರಲ್ಲಿ ತೀರಾ ಕಡಿಮೆ. ಎಡವಿದವರು ಬಹುತೇಕ ಪಳಗಿದವರೇ.

ಇದರಲ್ಲಿ ಎರಡು ಬಗೆ. ಒಂದು, ಟ್ಯಾಂಕುಗಳೆಲ್ಲ ಬರಿದಾಗುವುದು. ಇನ್ನೊಂದು ನನ್ನನ್ನು ಹೆಚ್ಚು ಕಾಡುವಂಥದ್ದು: ಒಂದು ರೆಕ್ಕೆಯಲ್ಲಿ ಬೇಕಾದಷ್ಟು ಇಂಧನವಿರುತ್ತದೆ, ಎಂಜಿನ್ ಮಾತ್ರ ಖಾಲಿಯಾದ ಇನ್ನೊಂದು ಟ್ಯಾಂಕಿಗೆ ಬಾಯಿಟ್ಟುಕೊಂಡಿರುತ್ತದೆ. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ರೆಕ್ಕೆ ತಲೆಯ ಮೇಲಿರುವುದರಿಂದ ಇಂಧನ ತಾನಾಗಿಯೇ ಇಳಿದು ಬರುತ್ತದೆ. ಯಾವ ಟ್ಯಾಂಕಿನಿಂದ ಇಂಧನ ಹರಿಯಬೇಕೆಂದು ಆರಿಸುವ ಸೆಲೆಕ್ಟರ್ ಹಿಡಿಯನ್ನು ‘ಎರಡೂ’ ಎಂಬಲ್ಲಿಗೆ ತಿರುಗಿಸಿಟ್ಟರೆ ಮರೆತುಬಿಡಬಹುದು. ರೆಕ್ಕೆ ಕೆಳಗಿರುವ ಪೈಪರ್ ಚೆರೋಕಿಯಲ್ಲಿ ‘ಎರಡೂ’ ಎಂಬ ಸ್ಥಾನವೇ ಇಲ್ಲ. ಅಲ್ಲಿ ಪಂಪು ಇಂಧನವನ್ನು ಎಳೆಯಬೇಕು, ಒಂದು ಟ್ಯಾಂಕ್ ಬರಿದಾಗಿದ್ದರೆ ಅದು ಗಾಳಿಯನ್ನು ಎಳೆದುಬಿಡುತ್ತದೆ. ಎಡವೋ ಬಲವೋ ಎಂದು ಪೈಲಟ್ ನೆನಪಿಟ್ಟು ಬದಲಿಸುತ್ತಿರಬೇಕು. ಒಂದರಲ್ಲಿ ಮರೆಯಲು ಕಲಿತ ಕೈ ಇನ್ನೊಂದರಲ್ಲೂ ಮರೆಯುತ್ತದೆ.

ಹೊಸ ವಿಮಾನಕ್ಕೆ ಬದಲಾಗುವ ಪ್ರತಿಯೊಬ್ಬರಿಗೂ ನಾನು ಗಾಯಕ ಜಾನ್ ಡೆನ್ವರ್ ಅವರ ಕೊನೆಯ ಹಾರಾಟವನ್ನು ವಿವರಿಸುತ್ತೇನೆ. 1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ. ಅವರಿಗೆ 2,700 ಗಂಟೆಗೂ ಮೀರಿದ ಹಾರಾಟದ ಅನುಭವವಿತ್ತು. ಹವ್ಯಾಸಿಯೊಬ್ಬರು ಜೋಡಿಸಿದ್ದ ಲಾಂಗ್-ಈಝಿ ವಿಮಾನ ಮಾತ್ರ ಅವರಿಗೆ ಹೊಸದು. ಹಿಂದಿನ ದಿನವಷ್ಟೇ ಕೈಸೇರಿತ್ತು. ಮೂಲ ವಿನ್ಯಾಸದಲ್ಲಿ ಕಾಲುಗಳ ನಡುವೆ ಇರಬೇಕಿದ್ದ ಸೆಲೆಕ್ಟರನ್ನು ಅದನ್ನು ಕಟ್ಟಿದವರು ಪೈಲಟ್‌ನ ಎಡ ಭುಜದ ಹಿಂದಕ್ಕೆ ಒಯ್ದಿದ್ದರು. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತೂ ಇರಲಿಲ್ಲ. ಇಂಧನದ ಮಟ್ಟ ತೋರಿಸುವ ಮಾಪಕಗಳು ಹಿಂದಿನ ಆಸನದ ಕಡೆಗಿದ್ದವು. ನೋಡಿಕೊಳ್ಳಲೆಂದು ಮೆಕ್ಯಾನಿಕ್ ಒಂದು ಚಿಕ್ಕ ಕನ್ನಡಿ ಕೊಟ್ಟರು. ಹಿಡಿ ಬಿಗಿಯಾಗಿತ್ತು, ಇಬ್ಬರೂ ಇಕ್ಕಳ ಸಿಕ್ಕಿಸಿ ಅದನ್ನು ಉದ್ದ ಮಾಡಲು ನೋಡಿದರು, ಆಗಲಿಲ್ಲ. ಬೇಕಾದರೆ ಆಟೋಪೈಲಟ್ ಹಾಕಿ ತಿರುಗಿಸಿಕೊಳ್ಳುತ್ತೇನೆ ಎಂದರು ಡೆನ್ವರ್. ಇಂಧನ ತುಂಬಿಸಲೇ ಎಂದು ಕೇಳಿದಾಗ, ಒಂದು ಗಂಟೆಯಷ್ಟೇ ಹಾರುವುದು, ಬೇಡ ಎಂದರು.

ಹಾರಿ ಕಾಲು ಗಂಟೆ ಕಳೆಯುವಷ್ಟರಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. ಸಾವು ತಂದದ್ದು ಎಂಜಿನ್ ನಿಂತದ್ದಲ್ಲ, ಹಿಡಿಯತ್ತ ಚಾಚಿದ ಕೈ. ತನಿಖೆಗಾರರು ಅಂಥದೇ ಆಸನದಲ್ಲಿ ಕುಳಿತು ನೋಡಿದರು: ಎಡಕ್ಕೆ ಹಿಂತಿರುಗಿ ಕೈ ಚಾಚಿದರೆ ದೇಹಕ್ಕೆ ಆನಿಕೆ ಬೇಕಾಗಿ ಬಲಗಾಲು ತಾನಾಗಿಯೇ ರಡ್ಡರ್ ಪೆಡಲನ್ನು, ಅಂದರೆ ವಿಮಾನದ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಪೆಡಲನ್ನು, ಒತ್ತುತ್ತದೆ. ಕೆಳಮಟ್ಟದಲ್ಲಿ ಅಷ್ಟೇ ಸಾಕು, ವಿಮಾನ ಹತೋಟಿ ತಪ್ಪುತ್ತದೆ. ಆ ಕನ್ನಡಿಯ ಬಗ್ಗೆ ಓದಿದಾಗಲೆಲ್ಲ ನನ್ನ ಹೊಟ್ಟೆ ಹಿಂಡುತ್ತದೆ. ಕಷ್ಟವಿದೆ ಎಂಬುದು ನೆಲದ ಮೇಲೆಯೇ ಇಬ್ಬರಿಗೂ ಗೊತ್ತಾಗಿತ್ತು.

ಇಂಧನ ಮಾಪಕವನ್ನು ನಾನು ಪೂರ್ತಿ ನಂಬುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಅಳತೆಕೋಲು ಇಳಿಸಿ, ಎತ್ತಿದ ಕೂಡಲೇ ಒದ್ದೆಯ ಗೆರೆಯನ್ನು ಓದಬೇಕು. ವಿಮಾನದ ಪೆಟ್ರೋಲ್ ಕಣ್ಣೆದುರೇ ಆರಿಹೋಗುತ್ತದೆ. ಆಮೇಲೆ ಲೀಟರನ್ನು ನಿಮಿಷಕ್ಕೆ ಪರಿವರ್ತಿಸಿ ಬರೆದುಕೊಳ್ಳಬೇಕು. ಸೆಸ್ನಾ 172 ಗಂಟೆಗೆ ಸುಮಾರು 30 ಲೀಟರ್ ಕುಡಿಯುತ್ತದೆ; ಗಾಳಿಯೊಂದಿಗೆ ಬೆರೆಯುವ ಇಂಧನದ ಪಾಲನ್ನು ತಗ್ಗಿಸಿ ಮಿಶ್ರಣವನ್ನು ತೆಳುಗೊಳಿಸದೆ ಹಾರಿಸಿದರೆ ಇನ್ನೂ ಹೆಚ್ಚು. ಹೊರಗೆ ಕಣ್ಣಾರೆ ನೋಡಿಕೊಂಡು ಹಾರುವ ದೃಶ್ಯ ಹಾರಾಟಕ್ಕೆ ಅಮೆರಿಕದ ನಿಯಮ ಹಗಲಲ್ಲಿ 30 ನಿಮಿಷದ, ರಾತ್ರಿ 45 ನಿಮಿಷದ ಮೀಸಲು ಇಂಧನ ಕೇಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಅದು ಒಂದು ಗಂಟೆ. ಎದುರುಗಾಳಿ ಯಾರ ಲೆಕ್ಕವನ್ನೂ ಕೇಳಿ ಬೀಸುವುದಿಲ್ಲ.

ಹೊಸ ವಿಮಾನದ ಮೊದಲ ಪಾಠದ ದಿನ ನಾವು ಹಾರುವುದಿಲ್ಲ. ಬೆಲ್ಟ್ ಬಿಗಿದು, ಕಣ್ಣು ಮುಚ್ಚಿಸಿ, ಬಲ ಟ್ಯಾಂಕ್ ಎನ್ನುತ್ತೇನೆ. ಕೈ ತಡಕಾಡಿದರೆ ಮತ್ತೊಮ್ಮೆ. ಜೊತೆಗೆ ಪೆಡಲುಗಳತ್ತ ಬಗ್ಗಿ ಅವರ ಪಾದಗಳನ್ನು ನೋಡುತ್ತಿರುತ್ತೇನೆ.