ಹೊಡೆದವನು ಒಬ್ಬ, ಹೊತ್ತೊಯ್ದವನು ಇನ್ನೊಬ್ಬ: ಮಿಕ ಯಾರದ್ದು?

ಓದುಗರ ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ಮಗ ಪ್ರತಿ ನವೆಂಬರ್‌ನಲ್ಲಿ ಗೆಳೆಯರ ಜೊತೆ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಶಿಕಾರಿಗೆ ಹೋಗುತ್ತಾನೆ. ಈ ಸಲ ಸರ್ಕಾರಿ ಕಾಡಿನಲ್ಲಿ ಅವನು ಹೊಡೆದ ಜಿಂಕೆ ಸ್ವಲ್ಪ ದೂರ ಓಡಿ ಬಿತ್ತು. ರಕ್ತದ ಜಾಡು ಹಿಡಿದು ಹೋಗುವಷ್ಟರಲ್ಲಿ ಯಾರೋ ಎಳೆದುಕೊಂಡು ಹೋಗಿದ್ದರು. ಪ್ರಾಣಿಗಳ ಓಡಾಟ ನೋಡಲು ಮರಕ್ಕೆ ಕಟ್ಟಿದ್ದ ಕ್ಯಾಮೆರಾವೂ ಮಾಯ. ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲವಲ್ಲ, ಹಾಗಿರುವಾಗ ಇದನ್ನು ಕಳ್ಳತನ ಅನ್ನಬಹುದೇ?

ಉತ್ತರ: ಕ್ಯಾಮೆರಾ ಹೋದದ್ದು ನೇರವಾದ ಕಳ್ಳತನ, ಅದರಲ್ಲಿ ಎರಡು ಮಾತಿಲ್ಲ. ಜಿಂಕೆಯ ವಿಷಯದಲ್ಲೂ ನ್ಯಾಯ ನಿಮ್ಮ ಮಗನ ಕಡೆಗೇ ಇದೆ. ಆದರೆ ಅದನ್ನು ರುಜುವಾತು ಮಾಡಬೇಕಾದರೆ, ಯಾರದ್ದೂ ಅಲ್ಲದ ಕಾಡುಪ್ರಾಣಿ ಯಾವ ಗಳಿಗೆಯಲ್ಲಿ ಬೇಟೆಗಾರನದ್ದಾಗುತ್ತದೆ ಎಂಬುದು ಗೊತ್ತಿರಬೇಕು.

ಅಮೆರಿಕದಲ್ಲಿ ಇಂದಿಗೂ ಕಾನೂನು ವಿದ್ಯಾರ್ಥಿಗಳು ಆಸ್ತಿ ಹಕ್ಕಿನ ಪಾಠ ಶುರುಮಾಡುವುದು ಒಂದು ನರಿಯ ಜಗಳದಿಂದ. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಸೌತಾಂಪ್ಟನ್ ಬಳಿ, ಸಮುದ್ರದಂಡೆಯ ಪಾಳು ನೆಲದಲ್ಲಿ, ಲೊಡೊವಿಕ್ ಪೋಸ್ಟ್ ಎಂಬಾತ ನಾಯಿಗಳನ್ನು ಬಿಟ್ಟುಕೊಂಡು ನರಿಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಇನ್ನೇನು ಸಿಕ್ಕಿತು ಅನ್ನುವಾಗ ಜೆಸ್ಸಿ ಪಿಯರ್ಸನ್ ನಡುವೆ ಬಂದು ನರಿಯನ್ನು ಕೊಂದು ಎತ್ತಿಕೊಂಡು ಹೋದ. ಇನ್ನೊಬ್ಬ ಬೆನ್ನಟ್ಟಿ ಬರುತ್ತಿರುವುದು ಅವನಿಗೆ ಕಾಣುತ್ತಲೇ ಇತ್ತು. ಪೋಸ್ಟ್ ದಾವೆ ಹೂಡಿದ, ಕೆಳಗಿನ ಕೋರ್ಟಿನಲ್ಲಿ 75 ಸೆಂಟ್ ಪರಿಹಾರ ಗೆದ್ದ. 1805ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ನ್ಯಾಯಮೂರ್ತಿ ಡೇನಿಯಲ್ ಟಾಂಪ್‌ಕಿನ್ಸ್ ಬರೆದ ತೀರ್ಪಿನ ತಿರುಳು ಇಷ್ಟು: ಬೆನ್ನಟ್ಟಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಪ್ರಾಣಿ ಕೈವಶವಾಗಬೇಕು. ಆದರೆ ಪ್ರಾಣಿಗೆ ಮಾರಕ ಗಾಯ ಮಾಡಿ, ಬಿಡದೆ ಜಾಡು ಹಿಡಿದು ಹೋಗುತ್ತಿದ್ದರೆ, ಅದನ್ನೂ ಕೈವಶವೆಂದೇ ಎಣಿಸಬೇಕು.

ನಿಮ್ಮ ಮಗನಿಗೆ ಬೇಕಾದದ್ದು ಈ ಕೊನೆಯ ಮಾತು. ಅವನ ಗುಂಡು ಜಿಂಕೆಯನ್ನು ಕೆಡವಿತ್ತು, ಅವನು ಹುಡುಕುವುದನ್ನು ಕೈಬಿಟ್ಟಿರಲಿಲ್ಲ. ಗಾಯವಾಗಿದ್ದರೂ ತಪ್ಪಿಸಿಕೊಂಡು ಹೋಗಬಲ್ಲ ಜಿಂಕೆಯಾಗಿದ್ದರೆ, ಅಥವಾ ಅವನು ಕತ್ತಲಾಯಿತೆಂದು ಬಿಟ್ಟು ಮನೆಗೆ ಬಂದಿದ್ದರೆ, ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ನರಿಯ ತೀರ್ಪಿಗೆ ಭಿನ್ನಮತ ಬರೆದವರು ಬ್ರಾಕ್‌ಹೋಲ್ಸ್ಟ್ ಲಿವಿಂಗ್‌ಸ್ಟನ್. ಬೆಳಗಿನ ಜಾವ ಎದ್ದು ಇಡೀ ದಿನ ದಣಿದವನ ಬಾಯಿಗೆ ಬಂದ ತುತ್ತನ್ನು ಯಾರೋ ಕೊನೆಯಲ್ಲಿ ಕಸಿದುಕೊಳ್ಳಬಹುದಾದರೆ ನಾಯಿ ಸಾಕಿ ಬೇಟೆಗೆ ಹೊರಡುವವರು ಯಾರು ಎಂದು ಅವರು ಕೇಳಿದರು. ಇಂಥ ಜಗಳವನ್ನು ಬೇಟೆಗಾರರೇ ತಮ್ಮ ಕಟ್ಟಳೆಯಂತೆ ತೀರ್ಮಾನಿಸಿಕೊಳ್ಳಲಿ ಎಂಬುದು ಅವರ ನಿಲುವು. ನನಗೆ ಲಿವಿಂಗ್‌ಸ್ಟನ್ ಮಾತೇ ಹೆಚ್ಚು ನ್ಯಾಯವೆನಿಸುತ್ತದೆ. ಕಿರಾತಾರ್ಜುನರ ಪ್ರಸಂಗವನ್ನು ಬಲ್ಲ ನಮಗೆ ಈ ವಾದ ಹೊಸದೂ ಅಲ್ಲ. ನಾನು ಮೊದಲು ಗುರಿಯಿಟ್ಟ ಹಂದಿಗೆ ನೀನು ಬಾಣ ಬಿಟ್ಟದ್ದು ಬೇಟೆಯ ಧರ್ಮವಲ್ಲ ಎಂದೇ ಅರ್ಜುನ ಕಿರಾತನ ಮೇಲೆ ಹರಿಹಾಯುವುದು.

ಲಿವಿಂಗ್‌ಸ್ಟನ್ ಹೇಳಿದಂಥ ಕಟ್ಟಳೆಗೆ ಕೋರ್ಟಿನ ಮನ್ನಣೆ ಸಿಕ್ಕಿದ್ದು 76 ವರ್ಷಗಳ ನಂತರ, ತಿಮಿಂಗಿಲದ ದೆಸೆಯಿಂದ. ಮ್ಯಾಸಚೂಸೆಟ್ಸಿನ ಪ್ರಾವಿನ್ಸ್‌ಟೌನ್ ಬೇಟೆಗಾರರು ಫಿನ್‌ಬ್ಯಾಕ್ ತಿಮಿಂಗಿಲಕ್ಕೆ ಸಿಡಿಯುವ ಈಟಿ ಹೊಡೆಯುತ್ತಿದ್ದರು. ಸತ್ತ ತಿಮಿಂಗಿಲ ಆಗಲೇ ಮುಳುಗಿ, ಒಂದರಿಂದ ಮೂರು ದಿನದೊಳಗೆ ಎಲ್ಲೋ ತೇಲಿ ದಡ ಸೇರುತ್ತಿತ್ತು. ಒಂದೊಂದು ದೋಣಿಯ ಈಟಿಗೂ ಅದರದೇ ಗುರುತು. ದಡದಲ್ಲಿ ಕಂಡವರು ಊರಿಗೆ ಸುದ್ದಿ ಮುಟ್ಟಿಸಬೇಕು, ಹೊಡೆದವನು ಬಂದು ಕೊಬ್ಬು ಸುಲಿದುಕೊಂಡು ಕಂಡವನಿಗೆ ಒಂದಿಷ್ಟು ಹಣ ಕೊಡಬೇಕು. 1880ರಲ್ಲಿ ಘೆನ್ ಎಂಬಾತ ಹೊಡೆದ ತಿಮಿಂಗಿಲ 17 ಮೈಲಿ ದೂರದ ಬ್ರೂಸ್ಟರ್‌ನಲ್ಲಿ ದಡ ಸೇರಿತು. ಕಂಡವನು ಸುದ್ದಿ ಕಳಿಸದೆ ಹರಾಜು ಹಾಕಿದ, ರಿಚ್ ಎಂಬಾತ ಕೊಂಡು ಎಣ್ಣೆ ತೆಗೆದ. ಕೈವಶವೊಂದನ್ನೇ ನೋಡಿದ್ದರೆ ಘೆನ್ ಸೋಲಬೇಕಿತ್ತು. 1881ರಲ್ಲಿ ಫೆಡರಲ್ ಕೋರ್ಟ್ ಅವನನ್ನೇ ಗೆಲ್ಲಿಸಿತು. ಗುರುತು ಹಾಕಿ ಹೊಡೆಯುವುದಕ್ಕಿಂತ ಹೆಚ್ಚಿನದೇನನ್ನೂ ಆ ಬೇಟೆಗಾರ ಮಾಡಲಾರ, ಈ ಕಟ್ಟಳೆಯನ್ನು ಮನ್ನಿಸದಿದ್ದರೆ ಆ ಕಸುಬೇ ನಿಂತುಹೋಗುತ್ತದೆ ಎಂದಿತು ಕೋರ್ಟ್.

ಇಂದು ಆ ಈಟಿಯ ಗುರುತಿನ ಕೆಲಸವನ್ನು ಮಾಡುತ್ತಿರುವುದು ಟ್ಯಾಗ್, ಅಂದರೆ ಹೊಡೆದ ಪ್ರಾಣಿಗೆ ಬೇಟೆಗಾರ ಕಟ್ಟುವ ಗುರುತಿನ ಚೀಟಿ. ಅಮೆರಿಕದಲ್ಲಿ ಕಾಡುಪ್ರಾಣಿಗಳನ್ನು ಜನರೆಲ್ಲರ ಪರವಾಗಿ ರಾಜ್ಯ ಕಾಯುತ್ತದೆ. ಲೈಸೆನ್ಸ್ ಪಡೆದು, ಋತುವಿನಲ್ಲಿ, ನಿಯಮದಂತೆ ಹೊಡೆದವನಿಗೆ ಮಾತ್ರ ಅದು ಸ್ವಂತದ್ದಾಗುತ್ತದೆ. ಅನೇಕ ರಾಜ್ಯಗಳಲ್ಲಿ ಹೊಡೆದ ಕೂಡಲೇ ಟ್ಯಾಗ್ ಕಟ್ಟಬೇಕು, ಕೆಲವೆಡೆ ಫೋನಿನಲ್ಲೇ ದಾಖಲಿಸಬಹುದು. ಬಹುತೇಕ ರಾಜ್ಯಗಳಲ್ಲಿ ಇನ್ನೊಬ್ಬ ಹೊಡೆದ ಜಿಂಕೆಗೆ ತನ್ನ ಟ್ಯಾಗ್ ಕಟ್ಟುವುದೇ ಅಪರಾಧ. ಹಾಗಾಗಿ ನಿಮ್ಮ ಮಗನ ಜಿಂಕೆಯನ್ನು ಒಯ್ದವನು ಮಗನಿಗೆ ಮಾತ್ರವಲ್ಲ, ರಾಜ್ಯಕ್ಕೂ ಉತ್ತರ ಹೇಳಬೇಕಾದವನು. ಪೊಲೀಸರಿಗಿಂತ ಮೊದಲು ಗೇಮ್ ವಾರ್ಡನ್‌ಗೆ, ಅಂದರೆ ಬೇಟೆಯ ನಿಯಮಗಳನ್ನು ಜಾರಿ ಮಾಡುವ ಅಧಿಕಾರಿಗೆ, ಕರೆಮಾಡಿ ಎನ್ನುವುದು ಇದಕ್ಕೇ.

ಇಬ್ಬರ ಗುಂಡೂ ತಗುಲಿದ್ದರೆ? ಮೊದಲ ಮಾರಕ ಈಡು ಯಾರದ್ದೋ ಜಿಂಕೆ ಅವರದ್ದು ಎನ್ನುವವರು ಹೆಚ್ಚು. ಮೊದಲು ರಕ್ತ ಬರಿಸಿದವನದ್ದು ಎನ್ನುವ ಗುಂಪುಗಳೂ ಇವೆ. ಕಾಡಿಗೆ ಇಳಿಯುವ ಮೊದಲೇ ಜೊತೆಗಾರರು ಇದನ್ನು ಮಾತಾಡಿಕೊಂಡಿರಬೇಕು.

ಇನ್ನು ಸಾಮಾನು. ಕ್ಯಾಮೆರಾ, ಟ್ರೀ ಸ್ಟ್ಯಾಂಡ್ (ಬೇಟೆಗಾರ ಕೂರಲು ಮರಕ್ಕೆ ಕಟ್ಟುವ ಅಟ್ಟಣೆ) ಇವೆಲ್ಲ ವಾರಗಟ್ಟಲೆ ಕಾಡಿನಲ್ಲೇ ಇರುತ್ತವೆ, ಕಳ್ಳನಿಗೆ ಅನುಕೂಲವಾಗುವುದು ಅದೇ. ಸಿಕ್ಕಿಬಿದ್ದರೆ ಯಾರೋ ಬಿಟ್ಟುಹೋಗಿದ್ದು ಅಂದುಕೊಂಡೆ ಎನ್ನುತ್ತಾನೆ. ಮಿಷಿಗನ್‌ನಂಥ ರಾಜ್ಯದಲ್ಲಿ ಸರ್ಕಾರಿ ಜಾಗದಲ್ಲಿಡುವ ಟ್ರೀ ಸ್ಟ್ಯಾಂಡಿನ ಮೇಲೆ ಮಾಲೀಕನ ಹೆಸರು ವಿಳಾಸ ಅಥವಾ ಲೈಸೆನ್ಸ್ ಗುರುತು ಬರೆದಿರಬೇಕೆಂಬ ನಿಯಮವೇ ಇದೆ. ಅದಿದ್ದರೆ ಕಳ್ಳನ ಆ ನೆಪ ನಿಲ್ಲುವುದಿಲ್ಲ. ಸ್ಟ್ಯಾಂಡ್ ಎಷ್ಟು ದಿನ ಇರಬಹುದು ಎಂಬುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅರಿಜೋನಾ 2022ರ ಜನವರಿಯಿಂದ ಬೇಟೆಗೆ ಇಂಥ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿದೆ. ನಮ್ಮ ಸಾಮಾನು ನಿಯಮದಂತೆ ಇರದಿದ್ದರೆ ದೂರು ಕೊಡಲು ಹೋದ ನಾವೇ ದಂಡ ಕಟ್ಟಬೇಕಾದೀತು.

ಇದನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಇದ್ಯಾವುದೂ ಇಲ್ಲಿಗೆ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, 1991ರ ತಿದ್ದುಪಡಿ ಪರವಾನಗಿ ಶಿಕಾರಿಗೂ ತೆರೆ ಎಳೆಯಿತು. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಬೇಟೆಯಾದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಇಲ್ಲಿ ಜಿಂಕೆ ಹೊಡೆದವನೂ ಅವನಿಂದ ಕದ್ದವನೂ ಇಬ್ಬರೂ ಆರೋಪಿಗಳೇ.

ಮತ್ತೆ ನಿಮ್ಮ ಮಗನ ವಿಷಯ. ಜಾಡು ಅಳಿಯುವ ಮುಂಚೆ ಫೋಟೋ ತೆಗೆಯಲಿ: ಗುಂಡು ತಗುಲಿದ ಜಾಗ, ರಕ್ತ, ಎಳೆದ ಗೆರೆ, ದಾರಿಬದಿಯ ಟೈರ್ ಗುರುತು. ಸ್ಥಳದ ಜಿಪಿಎಸ್ ಗುರುತನ್ನೂ ಇಟ್ಟುಕೊಳ್ಳಲಿ. ಕ್ಯಾಮೆರಾದ ಸೀರಿಯಲ್ ನಂಬರ್ ಡಬ್ಬಿಯ ಮೇಲಿರುತ್ತದೆ, ಅದನ್ನು ಪೊಲೀಸರಿಗೆ ಕೊಟ್ಟರೆ ಮುಂದೆ ಎಲ್ಲಾದರೂ ಮಾರಾಟಕ್ಕೆ ಬಂದಾಗ ಪತ್ತೆಯಾಗಬಹುದು. ಜಾಡು ಯಾರದಾದರೂ ಖಾಸಗಿ ಜಮೀನಿಗೆ ಹೋಗಿದ್ದರೆ ಮಾಲೀಕರ ಒಪ್ಪಿಗೆಯಿಲ್ಲದೆ ಬೇಲಿ ದಾಟುವುದು ಬೇಡ, ಬಹಳಷ್ಟು ರಾಜ್ಯಗಳಲ್ಲಿ ಅದು ಅತಿಕ್ರಮಣವಾಗುತ್ತದೆ. ಕಳ್ಳ ಎದುರಿಗೇ ಸಿಕ್ಕರೂ ವಾದಕ್ಕಿಳಿಯುವುದು ಬೇಡ. ಇಬ್ಬರ ಕೈಯಲ್ಲೂ ಬಂದೂಕು ಇರುತ್ತದೆ. ಗಾಡಿಯ ನಂಬರ್ ಬರೆದುಕೊಂಡು ಹಿಂದೆ ಸರಿದು ವಾರ್ಡನ್‌ಗೆ ಕರೆಮಾಡಲಿ. ಮಾಂಸ ಮರಳಿ ಸಿಗುವುದು ಅಪರೂಪ, ಆದರೂ ದೂರು ಕೊಡಲಿ. ಅದೇ ಕಾಡಿನಿಂದ ಇನ್ನೊಂದು ದೂರು ಬಂದಾಗ ವಾರ್ಡನ್ ಎರಡನ್ನೂ ಜೋಡಿಸಿ ನೋಡಲು ಸಾಧ್ಯವಾಗುತ್ತದೆ.